ಆನೆಕಲ್ಲಿನ ನಡುವೆ ಬೆಂಕಿ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ ೯ನೆಯ ಅಧ್ಯಾಯ, ಯೋಬನ ಗ್ರಂಥ ೧ ಮತ್ತು ೩೮ನೆಯ ಅಧ್ಯಾಯಗಳು, ಲೂಕನ ಸುವಾರ್ತೆ ೧೩ನೆಯ ಅಧ್ಯಾಯ.



ಯುಗಾದಿ ಕಳೆದು ಅಶ್ವಿನಿ ಭರಣಿ ಮಳೆಗಳ ಕಾಲವು ಬಂದಾಗ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಏನಾಗುವದೆಂದು ನಾವೆಲ್ಲರೂ ಬಲ್ಲೆವು. ಮಧ್ಯಾಹ್ನದ ವರೆಗೆ ಆಕಾಶವು ಕಾದ ಹಂಚಿನಂತಿರುವದು; ಹೊತ್ತು ಇಳಿಯುವಾಗ ಒಂದು ದಿಕ್ಕಿನಲ್ಲಿ ಮೋಡವು ಗುಡ್ಡದ ಮೇಲೆ ಗುಡ್ಡವನ್ನು ಇಟ್ಟ ಹಾಗೆ ಏಳುವದು; ಸ್ವಲ್ಪ ಹೊತ್ತಿನಲ್ಲಿಯೇ ಧೂಳಿನ ಗಾಳಿಯು ಬೀಸಿ, ಗುಡುಗು ಮಿಂಚುಗಳ ಸಂಗಡ ಆನೆಕಲ್ಲಿನ ಮಳೆಯು ಹೊಡೆಯುವದು. ಮಕ್ಕಳು ಅಂಗಳದಲ್ಲಿ ಬಿದ್ದ ಕಲ್ಲುಗಳನ್ನು ಆರಿಸಿಕೊಂಡು ಬಾಯಿಗೆ ಹಾಕಿಕೊಳ್ಳುವರು. ಅದೇ ಗಳಿಗೆಯಲ್ಲಿ ಊರ ಹೊರಗಿನ ಮರಕ್ಕೆ ಸಿಡಿಲು ಬಡಿದು, ಅದು ಮೇಲಿನಿಂದ ಬುಡದ ವರೆಗೆ ಸೀಳಿ ಸುಟ್ಟುಹೋಗುವದು.

ಇದರಲ್ಲಿ ಒಂದು ಆಶ್ಚರ್ಯವಿದೆ. ಕೈಯಲ್ಲಿ ಹಿಡಿದರೆ ಬೆರಳು ಮರಗಟ್ಟಿಸುವಷ್ಟು ತಣ್ಣಗಿನ ಕಲ್ಲೂ, ಹಸೀಮರವನ್ನು ಕ್ಷಣಮಾತ್ರದಲ್ಲಿ ಸುಡುವ ಬೆಂಕಿಯೂ ಒಂದೇ ಮೋಡದಿಂದ ಒಂದೇ ಹೊತ್ತಿನಲ್ಲಿ ಹೇಗೆ ಬರುವವು? ನೀರು ಬೆಂಕಿಗಳು ಒಂದಕ್ಕೊಂದು ವೈರಿಗಳಲ್ಲವೋ? ಮೋಶೆಯ ಕಾಲದಲ್ಲಿ ಐಗುಪ್ತದೇಶದ ಮೇಲೆ ಬಿದ್ದ ಆನೆಕಲ್ಲಿನ ಮಳೆಯನ್ನು ವರ್ಣಿಸುವ ವಿಮೋಚನಕಾಂಡವು, ಆ ಕಲ್ಲುಗಳ ನಡುವೆ ಬೆಂಕಿಯು ಬೆರೆತಿತ್ತೆಂದು ವಿಶೇಷವಾಗಿ ತಿಳಿಸುತ್ತದೆ. ಕೀರ್ತನೆಗಳ ಗ್ರಂಥವೂ ಬೆಂಕಿಯನ್ನೂ ಆನೆಕಲ್ಲನ್ನೂ ಜೋಡಿಯಾಗಿ ಹೆಸರಿಸಿ, ಅವೆರಡೂ ಕರ್ತನ ಮಾತನ್ನು ನೆರವೇರಿಸುವವೆಂದು ಸಾರುತ್ತದೆ. ಹಿಂದಿನವರು ಕಣ್ಣಿನಿಂದ ಕಂಡು ಬರೆದಿಟ್ಟ ಈ ಜೋಡಿಯ ಕಾರಣವನ್ನು ಈಚಿನ ಕಾಲದ ಪ್ರಕೃತಿಶಾಸ್ತ್ರಜ್ಞರು ಬಹು ಶ್ರಮಪಟ್ಟು ಶೋಧಿಸಿದ್ದಾರೆ. ಅವರು ಕಂಡುಕೊಂಡದ್ದೇನಂದರೆ, ಸಿಡಿಲಿನ ಬೆಂಕಿಯು ಮೋಡದೊಳಗಿನ ಮಂಜುಗಡ್ಡೆಯಿಂದಲೇ ಹುಟ್ಟುತ್ತದೆ. ಈ ಸಂಗತಿಯನ್ನು ಮೊದಲು ವಿಚಾರಿಸಿ, ಆಮೇಲೆ ಅದರಿಂದ ನಮ್ಮ ನಡತೆಗೆ ಬರುವ ಬೋಧೆಯನ್ನು ನೋಡೋಣ.

೧. ಮೋಡದೊಳಗೆ ನಡೆಯುವ ಕಾರ್ಯ

ಬಿಸಿಲಿನಿಂದ ನೆಲವು ಕಾದಾಗ ಅದರ ಮೇಲಿನ ಗಾಳಿಯು ಹಗುರಾಗಿ, ನೀರಿನ ಆವಿಯನ್ನು ಹೊತ್ತುಕೊಂಡು ಮೇಲಕ್ಕೆ ಏರುವದು. ಏರಿದ ಹಾಗೆಲ್ಲಾ ಅದು ತಣ್ಣಗಾಗುವದು. ಆಗ ಆವಿಯು ಸಣ್ಣ ಹನಿಗಳಾಗಿ ಮೋಡವಾಗುವದು. ನಮ್ಮ ದೇಶದಲ್ಲಿ ಬೇಸಿಗೆಯ ದಿವಸಗಳಲ್ಲಿ ಸುಮಾರು ೫ ಕಿಲೋಮೀಟರು ಎತ್ತರಕ್ಕೆ ಹೋದರೆ ಉಷ್ಣಮಾನವು ಸೊನ್ನೆ ಡಿಗ್ರಿಗೆ ಇಳಿದಿರುವದು, ಅಂದರೆ ನೀರು ಹೆಪ್ಪುಗಟ್ಟತಕ್ಕ ಸ್ಥಳವು ಅಲ್ಲಿ ಆರಂಭವಾಗುವದು. ಆದರೆ ಗುಡುಗಿನ ಮೋಡವು ಅಲ್ಲಿಗೆ ನಿಲ್ಲದೆ ೧೨, ೧೫ ಕಿಲೋಮೀಟರುಗಳ ವರೆಗೂ ಬೆಳೆಯುವದು. ಲೋಕದಲ್ಲೆಲ್ಲಾ ಎತ್ತರವಾದ ಎವರೆಸ್ಟ್ ಶಿಖರವು ೮,೮೪೯ ಮೀಟರು ಮಾತ್ರ. ಆದದರಿಂದ ನಾವು ಕೆಳಗೆ ಬೆವರು ಒರಸಿಕೊಳ್ಳುತ್ತಾ ಹೊಲದಲ್ಲಿ ನಿಂತಿರುವಾಗ ನಮ್ಮ ತಲೆಯ ಮೇಲೆ ಹಿಮಾಲಯಕ್ಕಿಂತಲೂ ಎತ್ತರವಾದ ಹಿಮದ ಬೆಟ್ಟವು ನಿಂತಿರುತ್ತದೆ.

ಆ ಬೆಟ್ಟದಲ್ಲಿ ಮೂರು ವಿಧವಾದ ವಸ್ತುಗಳು ಕೂಡಿರುವವು. ಮೊದಲನೆಯದು, ಹೆಪ್ಪುಗಟ್ಟದೆ ಉಳಿದ ನೀರಿನ ಸಣ್ಣ ಹನಿಗಳು. ಮೋಡದಲ್ಲಿರುವ ಹನಿಯು ಸೊನ್ನೆ ಡಿಗ್ರಿಗೆ ಬಂದ ಕೂಡಲೇ ಗಡ್ಡೆಯಾಗುವದಿಲ್ಲ. ಸೊನ್ನೆಗಿಂತ ೧೫, ೨೦ ಡಿಗ್ರಿ ಕೆಳಗಿಳಿದರೂ ಅನೇಕ ಹನಿಗಳು ನೀರಾಗಿಯೇ ಇರುವವು. ಅವು ಗಟ್ಟಿಯಾದದ್ದನ್ನು ಮುಟ್ಟಿದ ಕೂಡಲೇ ಅಲ್ಲಿಯೇ ಹೆಪ್ಪುಗಟ್ಟಿ ಅಂಟಿಕೊಳ್ಳುವವು. ಎರಡನೆಯದು, ಗಾಳಿಯಲ್ಲಿರುವ ಧೂಳಿನ ಕಣಗಳ ಮೇಲೆ ಬೆಳೆದ ಬಹು ಹಗುರಾದ ಮಂಜಿನ ಹರಳುಗಳು. ಮೂರನೆಯದು, ಹನಿಗಳು ಒಂದರ ಮೇಲೊಂದು ಅಂಟಿ ಹೆಪ್ಪುಗಟ್ಟಿದ್ದರಿಂದ ಸಬ್ಬಕ್ಕಿಯ ಕಾಳಿನ ಹಾಗೆ ಬೆಳ್ಳಗೆ ಮೆತ್ತಗಾದ ಮಂಜಿನ ಉಂಡೆಗಳು. ಇವು ಹರಳುಗಳಿಗಿಂತ ಭಾರವಾಗಿರುವವು.

ಮೇಲಕ್ಕೆ ನುಗ್ಗುವ ಗಾಳಿಯಲ್ಲಿ ಹಗುರಾದ ಹರಳುಗಳು ಏರುತ್ತಿರುವಾಗ ಭಾರವಾದ ಉಂಡೆಗಳು ಹಿಂದೆ ಬೀಳುವವು. ಹೀಗೆ ಲೆಕ್ಕವಿಲ್ಲದಷ್ಟು ಸಾರಿ ಅವು ಒಂದಕ್ಕೊಂದು ತಾಕಿ ಸಿಡಿದು ದೂರವಾಗುವವು. ಒಂದೊಂದು ತಾಕುವಿಕೆಯಲ್ಲಿಯೂ ಅತಿ ಸ್ವಲ್ಪವಾದ ವಿದ್ಯುಚ್ಛಕ್ತಿಯು ಒಂದರಿಂದ ಇನ್ನೊಂದಕ್ಕೆ ಹೋಗುವದು. ಚಳಿಗಾಲದ ಒಣಹವೆಯಲ್ಲಿ ಕತ್ತಲೆಯೊಳಗೆ ಕಂಬಳಿಯನ್ನು ಕೊಡವಿದರೆ ಚಟಚಟನೆ ಸಣ್ಣ ಕಿಡಿಗಳು ಕಾಣುವದನ್ನು ನಮ್ಮಲ್ಲಿ ಅನೇಕರು ನೋಡಿರುವರು. ಕಂಬಳಿಯಲ್ಲಿಯೂ ಮೋಡದಲ್ಲಿಯೂ ಕಾಣುವದು ಒಂದೇ ವಿಧವಾದ ಶಕ್ತಿ. ಈ ಶಕ್ತಿಯಲ್ಲಿ ಧನವೆಂದೂ ಋಣವೆಂದೂ ಎರಡು ಜಾತಿಗಳುಂಟು. ಬೇರೆ ಬೇರೆ ಜಾತಿಯವು ಒಂದನ್ನೊಂದು ಎಳೆಯುವವು. ಸೊನ್ನೆಗಿಂತ ೧೦ರಿಂದ ೨೦ ಡಿಗ್ರಿ ಕೆಳಗಿರುವ ಎತ್ತರದಲ್ಲಿ ಸಾಧಾರಣವಾಗಿ ಉಂಡೆಗಳು ಋಣವನ್ನೂ ಹರಳುಗಳು ಧನವನ್ನೂ ಪಡೆಯುವವು.

ಇನ್ನು ಮುಂದಿನದನ್ನು ತಿಳಿಯಲು ನಮ್ಮ ಕಣಕ್ಕೆ ಹೋದರೆ ಸಾಕು. ರಾಶಿಯನ್ನು ತೂರುವಾಗ ಕಾಳು ಹೊಟ್ಟುಗಳು ಒಂದೇ ಮೊರದಿಂದ ಬೀಳುವವು. ಆದರೆ ಕಾಳು ನೆಟ್ಟಗೆ ಕೆಳಗೆ ಬೀಳುವದು, ಹೊಟ್ಟು ಗಾಳಿಗೆ ಹಾರಿ ದೂರ ಹೋಗುವದು. ಮೋಡದಲ್ಲಿಯೂ ಗಾಳಿಯು ತೂರುವ ಕೆಲಸವನ್ನು ಮಾಡುತ್ತದೆ. ಧನಶಕ್ತಿಯುಳ್ಳ ಹರಳುಗಳನ್ನು ಮೋಡದ ತುದಿಗೆ ಹಾರಿಸಿಬಿಡುವದು. ಋಣಶಕ್ತಿಯುಳ್ಳ ಉಂಡೆಗಳು ಮೋಡದ ನಡುವಿನಲ್ಲಿಯೂ ಕೆಳಗೂ ಉಳಿಯುವವು. ಹೀಗೆ ಒಂದೇ ರಾಶಿಯು ಎರಡಾಗಿ ಬೇರೆಯಾಗುತ್ತಾ ಬಂದು, ಕಡೆಗೆ ನಡುವೆ ಇರುವ ಗಾಳಿಯು ಇನ್ನು ತಡೆಯಲಾರದೆ ಹೋಗುವದು. ಆಗ ಆ ಶಕ್ತಿಯು ಒಮ್ಮೆಲೇ ಹರಿದು ಮಿಂಚಾಗುವದು. ಹೆಚ್ಚಿನ ಮಿಂಚುಗಳು ಮೋಡದೊಳಗೇ ಹರಿಯುವವು. ನೆಲಕ್ಕೆ ಇಳಿದು ಬಡಿಯುವದನ್ನು ನಾವು ಸಿಡಿಲೆನ್ನುವೆವು. ಅದು ಹರಿಯುವ ದಾರಿಯಲ್ಲಿನ ಗಾಳಿಯು ಸುಮಾರು ೩೦,೦೦೦ ಡಿಗ್ರಿಗಳಷ್ಟು ಕಾಯುವದು. ಇದು ಸೂರ್ಯನ ಮೈಮೇಲಿನ ಶಾಖಕ್ಕೆ ಐದರಷ್ಟು. ಹಾಗೆ ಕಾದ ಗಾಳಿಯು ಒಮ್ಮೆಲೇ ಹಿಗ್ಗಿ ಒಡೆಯುವ ಶಬ್ದವೇ ಗುಡುಗು.

ಇವು ಬರಿಯ ಊಹೆಗಳಲ್ಲ. ಸಿಡಿಲು ವಿದ್ಯುಚ್ಛಕ್ತಿಯೇ ಎಂಬದು ೧೭೫೨ನೆಯ ಇಸವಿಯಲ್ಲಿ ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನನ ಸೂಚನೆಯ ಪ್ರಕಾರ ಫ್ರಾನ್ಸ್ ದೇಶದಲ್ಲಿ ಮಾಡಿದ ಪರೀಕ್ಷೆಯಿಂದ ಸ್ಥಿರವಾಯಿತು. ಆದರೆ ಆ ಶಕ್ತಿಯು ಮೋಡದಲ್ಲಿ ಹೇಗೆ ಕೂಡುವದೆಂಬ ಪ್ರಶ್ನೆಯು ಇನ್ನೂ ಇನ್ನೂರು ವರುಷ ಉಳಿಯಿತು. ೧೯೫೭ರಲ್ಲಿ ರೆನಾಲ್ಡ್ಸ್, ಬ್ರೂಕ್, ಗೌರ್ಲೇ ಎಂಬ ಅಮೇರಿಕದ ಮೂವರು ಪಂಡಿತರು, ಮಂಜಿನ ಉಂಡೆಗೆ ಹರಳುಗಳು ತಾಕುವಾಗ ಶಕ್ತಿಯು ಬೇರೆಯಾಗುವದನ್ನು ತಣ್ಣಗಿನ ಕೋಣೆಯಲ್ಲಿ ಪರೀಕ್ಷಿಸಿ ತೋರಿಸಿದರು. ೧೯೭೮ರಲ್ಲಿ ಜಪಾನಿನ ತಾಕಾಹಾಶಿ ಎಂಬವರು, ಯಾವದು ಧನವಾಗುವದು ಯಾವದು ಋಣವಾಗುವದು ಎಂಬದು ಶೀತದ ಪ್ರಮಾಣವನ್ನೂ ಅಲ್ಲಿರುವ ನೀರಿನ ಪ್ರಮಾಣವನ್ನೂ ಹೊಂದಿರುವದೆಂದು ಪ್ರಕಟಿಸಿದರು. ಅಮೇರಿಕ ಜಪಾನ್ ದೇಶಗಳವರು ೧೯೯೭ರಲ್ಲಿ ಉಷ್ಣವಲಯದ ಮಳೆಯನ್ನು ಅಳೆಯಲು ಹಾರಿಸಿದ ಉಪಗ್ರಹವು ಮೋಡಗಳಲ್ಲಿನ ಮಂಜುಗಡ್ಡೆಯನ್ನೂ ಮಿಂಚನ್ನೂ ಒಟ್ಟಿಗೆ ಕಂಡಿತು. ಅದರ ಲೆಕ್ಕಗಳನ್ನು ಶೋಧಿಸಿ ೨೦೦೫ರಲ್ಲಿ ಪ್ರಕಟಿಸಿದ ಬರಹದಿಂದ, ಮೋಡದಲ್ಲಿ ಮಂಜುಗಡ್ಡೆಯು ಹೆಚ್ಚಿದಷ್ಟು ಮಿಂಚೂ ಹೆಚ್ಚುವದೆಂದೂ, ನೆಲದ ಮೇಲಾಗಲಿ ಸಮುದ್ರದ ಮೇಲಾಗಲಿ ಈ ಸಂಬಂಧವು ಹೆಚ್ಚುಕಡಿಮೆ ಒಂದೇ ಎಂದೂ ಕಂಡುಬಂತು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯುಂಟು. ಆಷಾಢ ಶ್ರಾವಣಗಳಲ್ಲಿ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಹಗಲುರಾತ್ರಿ ಬಿಡದೆ ಮಳೆ ಸುರಿಯುವದು. ಆದರೂ ಆ ದಿವಸಗಳಲ್ಲಿ ಸಿಡಿಲು ಕಡಿಮೆ. ಯಾಕಂದರೆ ಆ ಕಾಲದ ಮೋಡಗಳಲ್ಲಿ ಬಹಳವು ಅಷ್ಟು ಎತ್ತರಕ್ಕೆ ಬೆಳೆಯುವದಿಲ್ಲ. ಅವುಗಳ ಹನಿಗಳು ಮಂಜುಗಡ್ಡೆಯಾಗದೆ ನೀರಾಗಿಯೇ ಕೂಡಿ ಬೀಳುವವು. ಬೇಸಿಗೆಯ ಕಡೆಯಲ್ಲಿ ಬರುವ ಅಡ್ಡಮಳೆಯಾದರೋ ಒಂದು ತಾಸು ಮಾತ್ರ ಸುರಿದರೂ ಊರನ್ನೆಲ್ಲಾ ನಡುಗಿಸಿಬಿಡುವದು.

ನಮ್ಮ ಕೈಗೆ ಸಿಕ್ಕುವ ಆನೆಕಲ್ಲು ಯಾವದಂದರೆ, ಆ ಮಂಜಿನ ಉಂಡೆಗಳಲ್ಲಿ ಕೆಲವು ಬಲವಾದ ಗಾಳಿಯಿಂದ ಬಹು ಹೊತ್ತು ಮೇಲೆಯೇ ಹಿಡಿಯಲ್ಪಟ್ಟು, ಹನಿಗಳನ್ನು ಅಂಟಿಸಿಕೊಳ್ಳುತ್ತಾ ದಪ್ಪವಾದವುಗಳು. ದೊಡ್ಡ ಕಲ್ಲನ್ನು ಒಡೆದು ನೋಡಿದರೆ ಉಳ್ಳಾಗಡ್ಡಿಯ ಹಾಗೆ ಬಿಳೀ ಪದರವೂ ತಿಳಿಯಾದ ಪದರವೂ ಕಾಣುವದುಂಟು. ೧೯೮೬ನೆಯ ಇಸವಿ ಏಪ್ರಿಲ್ ೧೪ರಂದು ಬಾಂಗ್ಲಾದೇಶದ ಗೋಪಾಲಗಂಜದಲ್ಲಿ ೧ ಕಿಲೋಗ್ರಾಮಿಗಿಂತಲೂ ಸ್ವಲ್ಪ ಹೆಚ್ಚು ತೂಕದ ಕಲ್ಲುಗಳು ಬಿದ್ದವು. ಉಂಡೆಗಳಲ್ಲಿ ಬಹಳವಾದರೋ ದಾರಿಯಲ್ಲಿಯೇ ಕರಗಿ ದಪ್ಪ ಹನಿಗಳಾಗಿ ಬೀಳುವವು. ಆದದರಿಂದ ನೆಲದ ಮೇಲೆ ಒಂದು ಕಲ್ಲೂ ಬೀಳದಿದ್ದರೂ, ಗುಡುಗಿದ ಮೋಡದೊಳಗೆ ಮಂಜುಗಡ್ಡೆಯು ಇದ್ದೇ ಇತ್ತೆಂದು ತಿಳಿಯಬೇಕು. ಆನೆಕಲ್ಲೂ ಸಿಡಿಲೂ ಒಂದೇ ಮನೆಯಲ್ಲಿ ಹುಟ್ಟಿದ ಒಡಹುಟ್ಟಿದವುಗಳು.

ಕಾರಣವು ತಿಳಿದ ಮೇಲೆ ದೇವರ ಮಹಿಮೆಯು ಕಡಿಮೆಯಾಗುವದೋ ಎಂದು ಕೆಲವರು ಕೇಳಬಹುದು. ಬೀಜವು ಹೇಗೆ ಮೊಳೆಯುವದೆಂದು ಚೆನ್ನಾಗಿ ಬಲ್ಲ ಒಕ್ಕಲಿಗನು ಸುಗ್ಗಿಯಲ್ಲಿ ದೇವರನ್ನು ಕಡಿಮೆಯಾಗಿ ಸ್ತುತಿಸುವನೋ? ಯೋಬನ ಗ್ರಂಥದ ೩೮ನೆಯ ಅಧ್ಯಾಯದಲ್ಲಿ ಕರ್ತನು ಯೋಬನಿಗೆ ಆನೆಕಲ್ಲಿನ ಉಗ್ರಾಣಗಳ ವಿಷಯವಾಗಿಯೂ ಸಿಡಿಲಿನ ದಾರಿಯ ವಿಷಯವಾಗಿಯೂ ಪ್ರಶ್ನೆ ಮಾಡುವನು. ಉಗ್ರಾಣವೆಂದರೆ ಕ್ರಮವಾಗಿ ಕೂಡಿಟ್ಟ ಸ್ಥಳ. ದಾರಿಯೆಂದರೆ ಕ್ರಮವಾಗಿ ನಡೆಯತಕ್ಕ ಮಾರ್ಗ. ಹಾಗಾದರೆ ಆ ಎರಡು ಮಾತುಗಳೂ ಮೇಲಿನ ಕಾರ್ಯಗಳಲ್ಲಿ ಕ್ರಮವುಂಟೆಂದು ಸಾಕ್ಷಿಕೊಡುತ್ತವೆ. ಕ್ರಮವನ್ನು ಶೋಧಿಸುವವನು ಕ್ರಮವನ್ನಿಟ್ಟಾತನನ್ನು ಅವಮಾನಪಡಿಸುವದಿಲ್ಲ.

೨. ಸಿಡಿಲು ಬಡಿದವನು ಹೆಚ್ಚಿನ ಪಾಪಿಯೋ?

ಈಗ ನಮ್ಮ ಮನಸ್ಸಿಗೆ ತಾಕತಕ್ಕ ಮಾತಿಗೆ ಬರೋಣ. ಹೊಲದಲ್ಲಿ ಒಬ್ಬನು ಸಿಡಿಲು ಬಡಿದು ಸತ್ತನೆಂದು ಕೇಳಿದ ಕೂಡಲೇ ಊರಿನಲ್ಲಿ ಪಿಸುಮಾತು ಹುಟ್ಟುವದು. ಅವನು ಯಾವದೋ ಗುಪ್ತಪಾಪವನ್ನು ಮಾಡಿರಬೇಕು. ಅವನ ಮನೆಯ ಮೇಲೆ ಶಾಪವಿರಬೇಕು. ಅವನ ಹೆಂಡತಿಯ ಕಾಲುಗುಣ ಕೆಟ್ಟದ್ದಾಗಿರಬೇಕು. ಕ್ರೈಸ್ತರೆನ್ನಿಸಿಕೊಳ್ಳುವವರ ಬಾಯಲ್ಲಿಯೂ ಈ ಮಾತು ಬೇರೆ ವೇಷವನ್ನು ಹಾಕಿಕೊಂಡು ಬರುವದುಂಟು: ಅವನು ಆದಿತ್ಯವಾರದ ಆರಾಧನೆಗೆ ಸರಿಯಾಗಿ ಬರುತ್ತಿರಲಿಲ್ಲ, ಅದಕ್ಕೇ ದೇವರು ಹೊಡೆದನು ಎನ್ನುವರು. ಗಂಡನನ್ನು ಕಳಕೊಂಡು ಮಕ್ಕಳ ನಡುವೆ ಕುಳಿತಿರುವ ವಿಧವೆಗೆ ಸಿಡಿಲಿನ ಪೆಟ್ಟಿಗಿಂತಲೂ ಈ ಮಾತಿನ ಪೆಟ್ಟು ಘೋರವಾಗಿರುವದು.

ವೇದವು ಈ ಮಾತಿಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಯೋಬನಿಗೆ ಬಂದ ಕೇಡುಗಳಲ್ಲಿ ಆಕಾಶದಿಂದ ಬಿದ್ದ ಬೆಂಕಿಯೂ ಒಂದು. ಅದರಿಂದ ಅವನ ಕುರಿಗಳೂ ಕಾಯುವ ಆಳುಗಳೂ ಸುಟ್ಟುಹೋದರೆಂದು ಮೊದಲನೆಯ ಅಧ್ಯಾಯದಲ್ಲಿ ಓದುತ್ತೇವೆ. ಅವನ ಸ್ನೇಹಿತರು ಬಂದು ಏಳು ದಿವಸ ಸುಮ್ಮನೆ ಕುಳಿತಿದ್ದದ್ದು ಒಳ್ಳೆಯದಾಗಿತ್ತು. ಬಾಯಿ ತೆರೆದ ಮೇಲೆ, ಪಾಪವಿಲ್ಲದೆ ಇಂಥ ಕೇಡು ಬರಲಾರದೆಂದು ಅವನನ್ನು ಇರಿದರು. ಕಡೆಗೆ ಕರ್ತನು ಯಾರ ಮೇಲೆ ಕೋಪಿಸಿಕೊಂಡನು? ಯೋಬನ ಮೇಲಲ್ಲ, ತನ್ನ ವಿಷಯವಾಗಿ ಸರಿಯಾದದ್ದನ್ನು ಆಡದೆ ಹೋದ ಆ ಸ್ನೇಹಿತರ ಮೇಲೆಯೇ. ನಮ್ಮ ಕರ್ತನಾದ ಯೇಸುವೂ, ಸಿಲೋವದ ಗೋಪುರವು ಬಿದ್ದು ಸತ್ತ ಹದಿನೆಂಟು ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಾಗಿದ್ದರೋ ಎಂದು ತಾನೇ ಪ್ರಶ್ನೆಯನ್ನೆತ್ತಿ, ಇಲ್ಲವೆಂದು ತಾನೇ ಉತ್ತರಕೊಟ್ಟನು. ಸತ್ತವರ ಲೆಕ್ಕವನ್ನು ಬಿಟ್ಟು ಕೇಳುವವರೇ ತಿರುಗಿಕೊಳ್ಳಬೇಕೆಂದು ಎಚ್ಚರಿಸಿದನು.

ಹಾಗಾದರೆ ಐಗುಪ್ತದವರ ಮೇಲೆ ಬಿದ್ದ ಆನೆಕಲ್ಲು ದಂಡನೆಯಾಗಿರಲಿಲ್ಲವೋ ಎಂದು ಕೇಳುವಿರಿ. ಅದು ದಂಡನೆಯೇ ಸರಿ. ಆದರೆ ಅಲ್ಲಿ ಕರ್ತನೇ ತನ್ನ ಸೇವಕನ ಬಾಯಿಂದ ಅದನ್ನು ಮುಂದಾಗಿ ತಿಳಿಸಿದ್ದನು. ಅಂಥ ವಾಕ್ಯವಿಲ್ಲದ ಕಡೆಯಲ್ಲಿ ನೆರೆಯವನ ಮನೆಯ ಮೇಲೆ ಬಿದ್ದ ಸಿಡಿಲಿಗೆ ಅರ್ಥ ಹೇಳುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಮೋಡದ ಕ್ರಮವನ್ನು ತಿಳಿದವನಿಗೂ ಇದೇ ತೋರುವದು. ಇಳಿದುಬರುವ ಸಿಡಿಲು ಸಾಧಾರಣವಾಗಿ ತನಗೆ ಸಮೀಪದಲ್ಲಿ ಎತ್ತರವಾಗಿ ನಿಂತಿರುವದನ್ನು ಹಿಡಿಯುವದು. ಅದು ದೇವಾಲಯದ ಗೋಪುರವೋ ಕಳ್ಳನ ಮನೆಯ ತೆಂಗಿನಮರವೋ ಎಂದು ವಿಚಾರಿಸುವದಿಲ್ಲ. ಹಿಂದಿನ ಕಾಲದಲ್ಲಿ ಯೂರೋಪಿನ ಸಭೆಗಳವರು ಗುಡುಗುವಾಗ ದೇವಾಲಯದ ಗಂಟೆಗಳನ್ನು ಬಾರಿಸಿದರೆ ಸಿಡಿಲು ಓಡಿಹೋಗುವದೆಂದು ನಂಬಿ, ಗೋಪುರದ ಕೆಳಗೆ ನಿಂತು ಒದ್ದೆಯಾದ ಹಗ್ಗಗಳನ್ನು ಎಳೆಯುತ್ತಿದ್ದರು. ೧೭೮೪ರಲ್ಲಿ ಜರ್ಮನಿಯ ಮ್ಯೂನಿಕ್ ಪಟ್ಟಣದಲ್ಲಿ ಪ್ರಕಟವಾದ ಒಂದು ಪುಸ್ತಕವು ಇದರ ಫಲವನ್ನು ಲೆಕ್ಕಹಾಕಿತು: ೩೩ ವರುಷಗಳಲ್ಲಿ ೩೮೬ ಗೋಪುರಗಳಿಗೆ ಸಿಡಿಲು ಬಡಿದು, ಗಂಟೆ ಬಾರಿಸುವವರಲ್ಲಿ ೧೦೩ ಮಂದಿ ಸತ್ತಿದ್ದರು. ಅವರು ದೇವರ ಆಲಯದಲ್ಲಿಯೇ, ನೆರೆಯವರನ್ನು ಕಾಪಾಡಬೇಕೆಂಬ ಉದ್ದೇಶದಿಂದಲೇ ನಿಂತಿದ್ದವರು. ನಮ್ಮ ನಾಡಿನಲ್ಲಿ ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುವ ನೆರೆಯವರನ್ನು ನೋಡಿ ನಗುವದಕ್ಕೆ ಮುಂಚೆ ನಮ್ಮ ಮತದವರ ಈ ಗಂಟೆಗಳನ್ನು ನೆನಸಿಕೊಳ್ಳೋಣ. ಭಯವು ಎಲ್ಲರಿಗೂ ಒಂದೇ. ಭಯದಲ್ಲಿ ಮನುಷ್ಯರು ಹಿಡಿಯುವ ಹಗ್ಗಗಳು ಮಾತ್ರ ಬೇರೆ ಬೇರೆ.

ಇನ್ನೊಂದು ಲೆಕ್ಕವನ್ನು ನೋಡಿರಿ. ಸರಕಾರದವರ ಅಪರಾಧ ದಾಖಲೆಯ ಕಚೇರಿಯ ವರದಿಯ ಪ್ರಕಾರ ೨೦೨೨ನೆಯ ಒಂದೇ ವರುಷದಲ್ಲಿ ನಮ್ಮ ಭಾರತದೇಶದಲ್ಲಿ ಸಿಡಿಲಿನಿಂದ ೨,೮೮೭ ಮಂದಿ ಸತ್ತರು. ಹೀಗೆ ಸಾಯುವವರಲ್ಲಿ ಬಹುಮಂದಿ ಹಳ್ಳಿಯವರು. ಬಿತ್ತುವವರು, ಕಳೆ ತೆಗೆಯುವವರು, ದನ ಕುರಿಗಳನ್ನು ಕಾಯುವವರು. ಪಟ್ಟಣದಲ್ಲಿ ಗಟ್ಟಿಯಾದ ಮಹಡಿಯ ಮನೆಯಲ್ಲಿ ಕುಳಿತವನು ಬದುಕಿ, ಬಯಲಲ್ಲಿ ಕೂಲಿಮಾಡುವವನು ಸತ್ತರೆ, ಅವರಿಬ್ಬರಿಗೆ ಇರುವ ಭೇದವು ನೀತಿಯದೋ ಮೇಲ್ಛಾವಣಿಯದೋ? ಬಡವನು ಬಯಲಲ್ಲಿ ನಿಂತಿರುವದೇ ಅವನ ಪಾಪವೆಂದು ಹೇಳುವ ಧೈರ್ಯವು ಯಾರಿಗುಂಟು?

ಆದದರಿಂದ ಅಂಥ ಮನೆಗೆ ನಾವು ನ್ಯಾಯಾಧಿಪತಿಗಳಾಗಿ ಹೋಗದೆ ಸಹೋದರರಾಗಿ ಹೋಗಬೇಕು. ಮೊದಲು ಯೋಬನ ಸ್ನೇಹಿತರಂತೆ ಸುಮ್ಮನೆ ಕುಳಿತುಕೊಳ್ಳೋಣ. ಆಮೇಲೆ ಅವರಂತೆ ಮಾತಾಡದಿರೋಣ. ಆ ಮನೆಯ ಹೊಲದಲ್ಲಿ ನಿಂತ ಬೆಳೆಯನ್ನು ಸಭೆಯವರು ಕೂಡಿ ಕೊಯ್ದು ಕೊಡಲಿ. ವಿಧವೆಗೆ ಸರಕಾರದಿಂದ ಬರತಕ್ಕ ಪರಿಹಾರದ ಅರ್ಜಿಯನ್ನು ಓದುಬರಹ ಬಲ್ಲವನೊಬ್ಬನು ಬರೆದುಕೊಡಲಿ. ಸಿಡಿಲಿನ ವಿಷಯವಾಗಿ ಸಭೆಯು ಮಾಡತಕ್ಕ ಪ್ರಸಂಗವು ಇದೇ.

೩. ಎಚ್ಚರಿಕೆಯ ಮಾತನ್ನು ಕೇಳಿದವರು

ವಿಮೋಚನಕಾಂಡದ ಆ ಅಧ್ಯಾಯದಲ್ಲಿ ಅನೇಕರು ಲಕ್ಷ್ಯವಿಡದೆ ದಾಟಿಹೋಗುವ ಒಂದು ಸಂಗತಿಯುಂಟು. ಆನೆಕಲ್ಲು ಬೀಳುವದಕ್ಕೆ ಮೊದಲನೆಯ ದಿನವೇ ಕರ್ತನು ಮೋಶೆಯ ಮುಖಾಂತರವಾಗಿ, ಬಯಲಲ್ಲಿರುವ ಆಳುಗಳನ್ನೂ ದನಗಳನ್ನೂ ಮನೆಯೊಳಗೆ ಸೇರಿಸಿಕೊಳ್ಳಬೇಕೆಂದು ಫರೋಹನಿಗೆ ಹೇಳಿಕಳುಹಿಸಿದನು. ದಂಡನೆಯ ಮಾತಿನ ಸಂಗಡಲೇ ತಪ್ಪಿಸಿಕೊಳ್ಳುವ ಮಾರ್ಗವನ್ನೂ ತೋರಿಸಿದನು. ಫರೋಹನ ಪರಿವಾರದವರಲ್ಲಿ ಆ ಮಾತಿಗೆ ಹೆದರಿದವರು ತಮ್ಮ ಆಳುಗಳನ್ನೂ ದನಗಳನ್ನೂ ಅವಸರವಾಗಿ ಒಳಗೆ ತಂದರು; ಲಕ್ಷ್ಯಮಾಡದವರು ಬಯಲಲ್ಲಿಯೇ ಬಿಟ್ಟರು. ಇಲ್ಲಿ ಗಮನಿಸತಕ್ಕದ್ದೇನಂದರೆ, ಒಳಗೆ ತಂದವರೂ ಐಗುಪ್ತದವರೇ. ನೀನು ಯಾವ ಕುಲದವನೆಂದು ಛಾವಣಿಯು ಅವರನ್ನು ಕೇಳಲಿಲ್ಲ. ಎಚ್ಚರಿಕೆಯನ್ನು ನಂಬಿ ನಡೆದವನ ಆಳೂ ಎತ್ತೂ ಉಳಿದವು.

ನಾವೋ, ಪ್ರಾರ್ಥನೆ ಮಾಡಿದೆವು, ಇನ್ನು ಮರದ ಕೆಳಗೆ ನಿಂತರೂ ಚಿಂತೆಯಿಲ್ಲ ಅನ್ನುತ್ತೇವೆ. ಇದು ವಿಶ್ವಾಸವಲ್ಲ. ದೇವಾಲಯದ ಶಿಖರದಿಂದ ಧುಮುಕೆಂದು ಸೈತಾನನು ಹೇಳಿದಾಗ ನಮ್ಮ ಕರ್ತನು ಹಾಗೆ ದೇವರನ್ನು ಪರೀಕ್ಷಿಸಲು ಒಪ್ಪಲಿಲ್ಲ. ಪ್ರಾರ್ಥಿಸುವ ಬಾಯನ್ನು ಕೊಟ್ಟಾತನೇ ಮನೆಗೆ ಓಡುವ ಕಾಲುಗಳನ್ನೂ ಕೊಟ್ಟಿದ್ದಾನೆ.

ಆನೆಕಲ್ಲಿಗೂ ಸಿಡಿಲಿಗೂ ಇರುವ ಸಂಬಂಧವನ್ನು ತಿಳಿಯುವದರಿಂದ ಬರುವ ಮುಖ್ಯವಾದ ಪ್ರಯೋಜನವು ಇಲ್ಲಿಯೇ ಇದೆ. ಕಲ್ಲುಗಳು ತಲೆಗೆ ಬಡಿಯಲಾರಂಭಿಸಿದ ಕೂಡಲೇ ಹೊಲದಲ್ಲಿರುವವರು ಏನು ಮಾಡುತ್ತಾರೆ? ಹತ್ತಿರದ ಬೇವಿನಮರದ ಅಥವಾ ಹುಣಿಸೇಮರದ ಬುಡಕ್ಕೆ ಓಡುತ್ತಾರೆ. ಆದರೆ ಕಲ್ಲು ಬೀಳುವ ಮೋಡವೇ ಸಿಡಿಲಿನ ಮೋಡ. ಬಯಲಲ್ಲಿ ಒಂಟಿಯಾಗಿ ನಿಂತ ಮರವೇ ಸಿಡಿಲು ಹಿಡಿಯುವ ಸ್ಥಳ. ಸಿಂಹಕ್ಕೆ ತಪ್ಪಿಸಿಕೊಂಡವನಿಗೆ ಕರಡಿಯು ಎದುರಾದ ಸಂಗತಿಯನ್ನು ಆಮೋಸ ಪ್ರವಾದಿಯು ಹೇಳಿದ್ದಾನಲ್ಲವೇ? ಕಲ್ಲಿಗೆ ಹೆದರಿ ಮರದ ಕೆಳಗೆ ಸೇರುವವನ ಗತಿಯೂ ಹಾಗೆಯೇ. ಆನೆಕಲ್ಲೇನು ಅಲ್ಪವೆಂದು ನಾವು ಹೇಳುವದಿಲ್ಲ. ೧೮೮೮ನೆಯ ಇಸವಿ ಏಪ್ರಿಲ್ ೩೦ರಂದು ಉತ್ತರಹಿಂದುಸ್ಥಾನದ ಮುರಾದಾಬಾದಿನ ಸೀಮೆಯಲ್ಲಿ ಆನೆಕಲ್ಲಿನ ಮಳೆಯಿಂದ ೨೪೬ ಮಂದಿ ಸತ್ತರು. ಆದದರಿಂದಲೇ ಕಲ್ಲು ಬೀಳುವ ವರೆಗೆ ಕಾಯದೆ, ಗುಡುಗು ಕೇಳಿದಾಗಲೇ ಹೊರಡಬೇಕು.

ಸಭೆಯ ಹಿರಿಯರೂ ತಾಯಂದಿರೂ ಈ ಕೆಲವು ಮಾತುಗಳನ್ನು ಮಕ್ಕಳಿಗೆ ಕಲಿಸಲಿ:

ಮಿಂಚು ಕಂಡ ಮೇಲೆ ಗುಡುಗು ಕೇಳುವ ವರೆಗೆ ಒಂದು, ಎರಡು ಎಂದು ನಿಧಾನವಾಗಿ ಎಣಿಸಿರಿ. ಶಬ್ದವು ಒಂದು ಕಿಲೋಮೀಟರು ಬರಲು ಸುಮಾರು ೩ ಸೆಕೆಂಡು ಹಿಡಿಯುವದು. ಮೂವತ್ತು ಎಣಿಸುವದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ತಡಮಾಡದೆ ಕೆಲಸವನ್ನು ಬಿಡಿರಿ. ಕಡೆಯ ಗುಡುಗು ಕೇಳಿ ೩೦ ನಿಮಿಷಗಳಾಗುವ ವರೆಗೆ ಹೊಲಕ್ಕೆ ತಿರುಗಿ ಹೋಗಬೇಡಿರಿ. ಮಳೆ ನಿಂತ ಮೇಲೆ ಬಡಿಯುವ ಸಿಡಿಲೂ ಉಂಟು.

ಗಟ್ಟಿಯಾದ ಗೋಡೆ ಛಾವಣಿಗಳುಳ್ಳ ಮನೆ, ಶಾಲೆ, ದೇವಾಲಯ, ಇಲ್ಲವೆ ಬಾಗಿಲು ಮುಚ್ಚಿದ ಬಸ್ಸು ಕಾರುಗಳು ಒಳ್ಳೆಯ ಆಶ್ರಯಗಳು. ಹೊಲದಲ್ಲಿನ ತೆರೆದ ಗುಡಿಸಲು, ಚಪ್ಪರ, ಒಂಟಿಮರ ಇವು ಆಶ್ರಯಗಳಲ್ಲ. ಕೆರೆ ಬಾವಿಗಳಲ್ಲಿರುವವರು ನೀರನ್ನು ಬಿಟ್ಟು ಬರಬೇಕು. ತಂತಿಬೇಲಿಯನ್ನು ಮುಟ್ಟಬಾರದು, ದನಗಳನ್ನು ಅದಕ್ಕಾಗಲಿ ಒಂಟಿಮರಕ್ಕಾಗಲಿ ಕಟ್ಟಬಾರದು. ಮರಕ್ಕೆ ಬಡಿದ ಸಿಡಿಲು ನೆಲದಲ್ಲಿ ಹರಡುವಾಗ, ಮುಂಗಾಲು ಹಿಂಗಾಲುಗಳು ದೂರ ದೂರವಾಗಿರುವ ದನಗಳ ಮೈಯೊಳಗೆ ಹಾದುಹೋಗುವದು. ಒಂದು ಮರದ ಕೆಳಗೆ ಹಿಂಡುಹಿಂಡಾಗಿ ದನಗಳು ಸಾಯುವದಕ್ಕೆ ಇದು ಕಾರಣ.

ಯಾವ ಮನೆಯೂ ಸಿಕ್ಕದಷ್ಟು ದೂರದಲ್ಲಿ ಇರುವವರು ಗುಂಪಾಗಿ ನಿಲ್ಲದೆ ಚದರಬೇಕು. ತಗ್ಗಾದ ಸ್ಥಳದಲ್ಲಿ ಎರಡೂ ಪಾದಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತು, ಕಲ್ಲು ಬೀಳುತ್ತಿದ್ದರೆ ಬುಟ್ಟಿಯನ್ನೋ ಮಡಿಸಿದ ಗೋಣೀಚೀಲವನ್ನೋ ತಲೆಯ ಮೇಲೆ ಹಿಡಿಯಬೇಕು. ನೆಲದ ಮೇಲೆ ಮಲಗಬಾರದು. ಇದು ಪೂರ್ಣವಾದ ಆಶ್ರಯವಲ್ಲ, ಬೇರೆ ದಾರಿಯಿಲ್ಲದಾಗ ಮಾತ್ರ ಮಾಡತಕ್ಕದ್ದು.

ಸಿಡಿಲು ಬಡಿದವನನ್ನು ಮುಟ್ಟಿದರೆ ನಮಗೂ ತಗಲುವದೆಂಬದು ಸುಳ್ಳು. ಅವನ ಮೈಯಲ್ಲಿ ಆ ಶಕ್ತಿಯು ಉಳಿದಿರುವದಿಲ್ಲ. ಉಸಿರೂ ನಾಡಿಯೂ ನಿಂತಿದ್ದರೆ ತಡಮಾಡದೆ ಎದೆಯ ನಡುವೆ ಎರಡೂ ಕೈಗಳಿಂದ ಬಲವಾಗಿ ಬೇಗ ಬೇಗನೆ ಒತ್ತುತ್ತಾ ಇರಬೇಕು. ಇನ್ನೊಬ್ಬರು ೧೦೮ಕ್ಕೆ ಕರೆಮಾಡಿ ವಾಹನವನ್ನು ತರಿಸಬೇಕು. ಕೆಲವು ಸೀಮೆಗಳಲ್ಲಿ ಅಂಥವನನ್ನು ಸಗಣಿಯಲ್ಲಿ ಹೂಳುವ ರೂಢಿಯುಂಟು. ಬದುಕಿಸಬಹುದಾದ ಗಳಿಗೆಯು ಅದರಲ್ಲಿ ವ್ಯರ್ಥವಾಗಿ ಹೋಗುವದು.

ಮೋಶೆಯಂಥ ಪ್ರವಾದಿಯು ಈಗ ನಮ್ಮ ಊರಿಗೆ ಬಂದು ನಾಳೆಯ ಆನೆಕಲ್ಲನ್ನು ತಿಳಿಸುವದಿಲ್ಲ. ಆದರೆ ಹವಾಮಾನ ಇಲಾಖೆಯವರು ಗುಡುಗು ಆನೆಕಲ್ಲುಗಳ ಮುನ್ಸೂಚನೆಯನ್ನು ಕೊಡುತ್ತಾರೆ. ಪುಣೆಯ ಹವಾಮಾನ ಸಂಶೋಧನಾಲಯದವರು ಸಿದ್ಧಪಡಿಸಿದ ‘ದಾಮಿನಿ’ ಎಂಬ ಆ್ಯಪು ಸಮೀಪಿಸುವ ಸಿಡಿಲಿನ ವಿಷಯವಾಗಿ ಮೊಬೈಲಿನಲ್ಲಿ ಎಚ್ಚರಿಕೆ ಕೊಡುತ್ತದೆ. ಓದಿದ ಯುವಕರು ಇದನ್ನು ಇಟ್ಟುಕೊಂಡು, ಎಚ್ಚರಿಕೆ ಬಂದಾಗ ಓದಲಾರದವರಿಗೆ ಓಡಿಹೋಗಿ ತಿಳಿಸಲಿ. ತನ್ನ ಮತದವರು ಪರಮತದವರು ಎಂಬ ಭೇದವನ್ನು ಮಾಡದಿರಲಿ. ಹೊಲದ ಒಡೆಯರಾದವರಿಗೆ ಒಂದು ಮಾತು: ಆ ಅಧ್ಯಾಯದಲ್ಲಿ ಒಡೆಯರ ಭಯಭಕ್ತಿಯು ಅವರ ಆಳುಗಳ ಕ್ಷೇಮದಿಂದ ತಿಳಿದುಬಂತು. ಮೋಡ ಕವಿದಾಗ, ಇನ್ನು ಎರಡು ಸಾಲು ಮುಗಿಸಿರೆಂದು ಕೂಲಿಯವರನ್ನು ತಡೆಯುವವನೂ, ಅರ್ಧ ದಿವಸದ ಕೂಲಿಯನ್ನು ಹಿಡಿಯುವೆನೆಂದು ಹೆದರಿಸುವವನೂ ಯಾವ ಗುಂಪಿಗೆ ಸೇರಿದವರೆಂದು ತಾವೇ ಓದಿ ನೋಡಲಿ.

ಬೆಳೆಯ ವಿಷಯವಾಗಿಯೂ ಆ ಅಧ್ಯಾಯದಲ್ಲಿ ಒಂದು ಮಾತುಂಟು. ಅಗಸೆಯೂ ಜವೆಗೋಧಿಯೂ ಹೂವು ತೆನೆಗಳಿಗೆ ಬಂದಿದ್ದದರಿಂದ ನಾಶವಾದವು. ಗೋಧಿಯು ಹಿಂದುಳಿದಿದ್ದದರಿಂದ ತಪ್ಪಿಸಿಕೊಂಡಿತು. ೨೦೧೪ನೆಯ ಇಸವಿಯ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರಕರ್ನಾಟಕದ ಕೆಲವು ಕಡೆಗಳಲ್ಲಿಯೂ ಆನೆಕಲ್ಲು ಬಿದ್ದು ಗೋಧಿ, ಕಡಲೆ, ದ್ರಾಕ್ಷೆಗಳು ಮಣ್ಣುಪಾಲಾದಾಗ ಅನೇಕ ಒಕ್ಕಲಿಗರು ಎದೆಗೆಟ್ಟರು. ಆನೆಕಲ್ಲು ಒಂದು ಹೊಲವನ್ನು ಹಾಳುಮಾಡಿ ಪಕ್ಕದ ಹೊಲವ��್ನು ಬಿಟ್ಟುಹೋಗುವದುಂಟು. ಬಿಟ್ಟ ಹೊಲದವನು ತನ್ನ ನೀತಿಯನ್ನು ಹೊಗಳಿಕೊಳ್ಳದೆ, ಹಾಳಾದ ಹೊಲದವನಿಗೆ ಮುಂದಿನ ಬಿತ್ತನೆಯ ಬೀಜವನ್ನು ಅಳೆದು ಕೊಡಲಿ. ಒಂದರ ಪಾಲಿಗೆ ಉಳಿದದ್ದು ಎರಡರ ಜೀವನಕ್ಕಾಗಿಯೇ ಉಳಿದದ್ದೆಂದು ತಿಳಿಯೋಣ.

ಪ್ರಿಯರೇ, ಮುಂದಿನ ಸಾರಿ ಪಡುವಲಲ್ಲಿ ಆ ಬಿಳೀ ಬೆಟ್ಟವು ಏಳುವದನ್ನು ನೋಡುವಾಗ ಮೂರು ಕಾರ್ಯಗಳನ್ನು ಮಾಡೋಣ. ಮಂಜಿನ ಕಣಗಳನ್ನು ತೂರಿ ಅವುಗಳೊಳಗಿಂದ ಬೆಂಕಿಯನ್ನು ತೆಗೆಯುವ ಸೃಷ್ಟಿಕರ್ತನನ್ನು ಕೊಂಡಾಡೋಣ. ಸಿಡಿಲಿನ ಪೆಟ್ಟಿಗೆ ಸಿಕ್ಕಿದವರ ವಿಷಯವಾಗಿ ನಾಲಿಗೆಯನ್ನು ಬಿಗಿಹಿಡಿದು ಕೈಯನ್ನು ಬಿಚ್ಚೋಣ. ಮತ್ತು ಗುಡುಗಿನ ಮೊದಲನೆಯ ಶಬ್ದಕ್ಕೇ ಗುದ್ದಲಿಯನ್ನು ಕೆಳಗಿಟ್ಟು, ನಮ್ಮ ಆಳುಗಳನ್ನೂ ಮಕ್ಕಳನ್ನೂ ದನಗಳನ್ನೂ ಕರಕೊಂಡು ಮನೆಯನ್ನು ಸೇರೋಣ. ಬಿರುಗಾಳಿಯಲ್ಲಿ ನಮಗೆ ಆಶ್ರಯವಾಗಿರುವ ಕರ್ತನು, ಈ ಮಳೆಗಾಲದಲ್ಲಿ ಬಯಲಲ್ಲಿ ದುಡಿಯುವವರೆಲ್ಲರನ್ನೂ ಕಾಪಾಡಿ, ಸಂಜೆಗೆ ಅವರವರ ಬಾಗಿಲಿಗೆ ಸುಕ್ಷೇಮವಾಗಿ ಮುಟ್ಟಿಸಲಿ. ಆಮೆನ್.